ಮೌಸ್ ಇಲ್ಲಿ, ಕೈ ಎಲ್ಲೋ

ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಲ್ಲಿ ಊರಿನ ಹಾರ್ಡ್‌ವೇರ್ ಅಂಗಡಿಗೋ ಬಟ್ಟೆ ಅಂಗಡಿಗೋ ಹೋದವರ ಕಿವಿಗೆ ಈ ಮಾತು ಬಿದ್ದಿರುತ್ತದೆ: "ಎನಿಡೆಸ್ಕ್ ಐಡಿ ಹೇಳಿ ಸಾರ್, ನಾನೇ ಒಳಗೆ ಬಂದು ನೋಡ್ತೀನಿ." ಟ್ಯಾಲಿ ಕೈಕೊಟ್ಟಿರುತ್ತದೆ, ಇಲ್ಲವೇ ಪ್ರಿಂಟರ್ ಮಾತು ಕೇಳುತ್ತಿರುವುದಿಲ್ಲ. ಮಾಲೀಕರು ಪರದೆಯ ಮೇಲಿನ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳುತ್ತಾರೆ, 'ಅಕ್ಸೆಪ್ಟ್' ಒತ್ತುತ್ತಾರೆ. ಮೌಸಿನ ಬಾಣ ತಾನಾಗಿಯೇ ಓಡಾಡತೊಡಗುತ್ತದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೂತ ಹುಡುಗ ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಸಿ ಹೊರಡುತ್ತಾನೆ. ಬಸ್ಸು ಹತ್ತಿ ಬರಬೇಕಾಗಿಲ್ಲ, ಅಂಗಡಿಯ ವ್ಯಾಪಾರ ನಿಲ್ಲಬೇಕಾಗಿಲ್ಲ.

ಇದೇ ಮಾತನ್ನು ಇದೇ ಧಾಟಿಯಲ್ಲಿ ಕಳ್ಳನೂ ಹೇಳುತ್ತಾನೆ. ಬಳಸುವ ತಂತ್ರಾಂಶ ಅದೇ, ಕೇಳುವ ಅಂಕಿಗಳು ಅವೇ, ಒತ್ತಿಸುವ ಗುಂಡಿಯೂ ಅದೇ. ದೂರದಿಂದ ಕಂಪ್ಯೂಟರನ್ನು ನಡೆಸುವ ವಿದ್ಯೆಗೆ ಈಗ ಎಂಬತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಎಂಜಿನಿಯರುಗಳು ದೂರವನ್ನು ಬಹುಮಟ್ಟಿಗೆ ಗೆದ್ದಿದ್ದಾರೆ. ಆದರೆ ಒಳಗೆ ಬಂದವರು ಯಾರು, ಯಂತ್ರದ ಮುಂದೆ ಕೂತವರಿಗೆ ಅದು ಗೊತ್ತಾಗುತ್ತದೆಯೇ, ಬೇಡವೆನಿಸಿದಾಗ ಅವರನ್ನು ಹೊರಗೆ ಕಳಿಸಲು ಆಗುತ್ತದೆಯೇ ಎಂಬ ಪ್ರಶ್ನೆಗಳನ್ನು ಪ್ರತಿ ಸಲವೂ ಅನಾಹುತವಾದ ಮೇಲೆಯೇ ಎತ್ತಿಕೊಳ್ಳಲಾಗಿದೆ.

ಕಥೆ 1940ರಲ್ಲಿ ಶುರುವಾಗುತ್ತದೆ. ಆ ವರ್ಷದ ಸೆಪ್ಟೆಂಬರ್ 11ರಂದು ಅಮೆರಿಕದ ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ಸೇರಿತ್ತು. ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಜ್ ಅಲ್ಲಿಗೆ ಒಂದು ಟೆಲಿಟೈಪ್ ಯಂತ್ರವನ್ನು ತಂದಿಟ್ಟರು. ಲೆಕ್ಕ ಮಾಡುವ ಯಂತ್ರ ಇದ್ದದ್ದು ಸುಮಾರು 400 ಕಿಲೋಮೀಟರ್ ದೂರದ ನ್ಯೂಯಾರ್ಕಿನಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸುವ ರಿಲೇಗಳಿಂದ ಕಟ್ಟಿದ, ಸಂಕೀರ್ಣ ಸಂಖ್ಯೆಗಳನ್ನು ಗುಣಿಸಿ ಭಾಗಿಸುವ ಯಂತ್ರ ಅದು. ಹ್ಯಾನೋವರಿನಲ್ಲಿ ಟೈಪ್ ಮಾಡಿದ ಲೆಕ್ಕ ತಂತಿಯ ಮೇಲೆ ಹೋಗಿ, ಉತ್ತರ ಅದೇ ಟೆಲಿಟೈಪಿನಲ್ಲಿ ಅಚ್ಚಾಗಿ ಬಂತು. ಸಭೆಯಲ್ಲಿದ್ದ ನಾರ್ಬರ್ಟ್ ವೀನರ್ ಮತ್ತು ಜಾನ್ ಮಾಕ್ಲಿ ತಾವೇ ಕೂತು ಪ್ರಯತ್ನಿಸಿದರು. ಮುಂದೆ ವೀನರ್ ಸೈಬರ್ನೆಟಿಕ್ಸ್ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು, ಮಾಕ್ಲಿ ಎನಿಯಾಕ್ ಕಂಪ್ಯೂಟರ್ ಕಟ್ಟಿದವರಲ್ಲೊಬ್ಬರಾದರು.

ಅಂತರ್ಜಾಲ ಹುಟ್ಟಿದ್ದೂ ಇದೇ ಆಸೆಯಿಂದ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂದು ಕಳಿಸಲು ಹೊರಟರು. ಎಲ್ ತಲುಪಿತು, ಓ ತಲುಪಿತು, ಮೂರನೆಯ ಅಕ್ಷರಕ್ಕೆ ಆಚೆಯ ಯಂತ್ರ ಕುಸಿದುಬಿತ್ತು. ಸುಮಾರು ಒಂದು ಗಂಟೆಯ ನಂತರ ಸಂಪರ್ಕ ಪೂರ್ತಿಯಾಯಿತು. ಅಂತರ್ಜಾಲದ ಪೂರ್ವಜ ಅರ್ಪಾನೆಟ್‌ನ ಈ ಮೊದಲ ಸಂದೇಶ ಪತ್ರವಲ್ಲ, ಶುಭಾಶಯವೂ ಅಲ್ಲ. ದೂರದ ಯಂತ್ರದ ಒಳಗೆ ಬರಲು ಕೇಳಿದ ಅಪ್ಪಣೆ. ಇಮೇಲ್, ವೆಬ್ ಎಲ್ಲವೂ ಆಮೇಲೆ ಬಂದವು.

ಆ ಹೊತ್ತಿನಲ್ಲೇ ರೂಪುಗೊಂಡ ಟೆಲ್ನೆಟ್ ಎಂಬ ವ್ಯವಸ್ಥೆ ಕಾಲು ಶತಮಾನ ಆಳಿತು. ಅದರ ದೋಷ ಸರಳ: ಹೆಸರು, ಪಾಸ್‌ವರ್ಡ್, ಟೈಪ್ ಮಾಡಿದ ಪ್ರತಿ ಅಕ್ಷರ, ಎಲ್ಲವೂ ಅಂಚೆ ಕಾರ್ಡಿನ ಒಕ್ಕಣೆಯ ಹಾಗೆ ದಾರಿಯಲ್ಲಿ ಯಾರು ಬೇಕಾದರೂ ಓದುವಂತೆ ಹೋಗುತ್ತಿದ್ದವು. ಒಬ್ಬರಿಗೊಬ್ಬರು ಗೊತ್ತಿದ್ದ ಸಂಶೋಧಕರ ಪುಟ್ಟ ಜಾಲದಲ್ಲಿ ಅದು ನಡೆಯಿತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಬಾಚಿಕೊಂಡರು. ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಸುಮ್ಮನೆ ಕೂರಲಿಲ್ಲ. ಮಾತುಕತೆಯನ್ನು ಪೂರ್ತಿ ಗೂಢಲಿಪಿಯಲ್ಲಿ ಸಾಗಿಸುವ ಎಸ್ಎಸ್ಎಚ್ ಅನ್ನು ಕೆಲವೇ ತಿಂಗಳಲ್ಲಿ ಬರೆದು ಜುಲೈನಲ್ಲಿ ಉಚಿತವಾಗಿ ಹಂಚಿದರು. ಕಡತ ಸಾಗಿಸುವ ಎಫ್‌ಟಿಪಿಗೆ 21ನೆಯ ಪೋರ್ಟ್ ಇತ್ತು, ಟೆಲ್ನೆಟ್‌ಗೆ 23. ನಡುವೆ ಖಾಲಿಯಿದ್ದ 22ನ್ನು ಅವರು ಕೇಳಿ ಪಡೆದರು. ಆ ವರ್ಷ ಮುಗಿಯುವುದರೊಳಗೆ 50 ದೇಶಗಳಲ್ಲಿ ಸುಮಾರು 20,000 ಜನ ಅದನ್ನು ಬಳಸುತ್ತಿದ್ದರು. ಇವತ್ತು ಜಗತ್ತಿನ ಸರ್ವರುಗಳ ಬಹುಪಾಲು ನಿರ್ವಹಣೆ ನಡೆಯುವುದು ಅದರ ಮೂಲಕವೇ, ಮುಖ್ಯವಾಗಿ 1999ರಲ್ಲಿ ಬಂದ ಓಪನ್‌ಎಸ್ಎಸ್ಎಚ್ ಎಂಬ ಮುಕ್ತ ರೂಪದ ಮೂಲಕ.

ಹಾಗೆಂದು ಟೆಲ್ನೆಟ್ ಸಾಯಲಿಲ್ಲ. ಅಗ್ಗದ ಸಿಸಿಟಿವಿ ಕ್ಯಾಮೆರಾ, ರೂಟರ್, ವಿಡಿಯೋ ರೆಕಾರ್ಡರುಗಳ ಹೊಟ್ಟೆಯಲ್ಲಿ ಅದು ಉಳಿದುಕೊಂಡಿತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲೇ ಹಾಕಿ ಕಳಿಸುವ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿಯನ್ನಷ್ಟೇ ಹಿಡಿದು ಇಂಥ ಲಕ್ಷಾಂತರ ಯಂತ್ರಗಳ ಒಳಹೊಕ್ಕಿತು. ಅಕ್ಟೋಬರ್ 21ರಂದು ಅವುಗಳ ದಂಡು, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ದೊಡ್ಡ ಭಾಗಕ್ಕೆ ಸಿಗದೆ ಹೋದವು. ಕ್ಯಾಮೆರಾ ಕೊಂಡವರಿಗೆ ತಮ್ಮ ಯಂತ್ರ ಯಾರದೋ ಆಜ್ಞೆ ಪಾಲಿಸುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಅಕ್ಷರ ಕಳಿಸುವುದು ಸುಲಭ, ಚಿತ್ರ ಕಳಿಸುವುದು ಕಷ್ಟ. ಪರದೆಯ ಮೇಲೆ ಕಿಟಕಿ, ಮೌಸ್, ಬಣ್ಣ ಬಂದ ಮೇಲೆ ಅದನ್ನೆಲ್ಲ ದೂರಕ್ಕೆ ಸಾಗಿಸಲು ಎರಡು ದಾರಿಗಳು ಹುಟ್ಟಿಕೊಂಡವು. ಒಂದು, ಇಲ್ಲೊಂದು ಗೆರೆ ಎಳೆ, ಅಲ್ಲೊಂದು ಅಕ್ಷರ ಬರೆ ಎಂಬ ಆಜ್ಞೆಗಳನ್ನು ಕಳಿಸುವುದು. 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆ ಈ ದಾರಿಯದು. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಕೂಡ ಬಹಳ ಕಾಲ ಇದನ್ನೇ ನೆಚ್ಚಿತ್ತು. ಸಿಟ್ರಿಕ್ಸ್ ಕಂಪನಿಯ ತಂತ್ರಜ್ಞಾನವನ್ನು ಪರವಾನಗಿ ಪಡೆದು 1998ರಲ್ಲಿ ಸರ್ವರುಗಳಿಗೆ ಅಳವಡಿಸಿದ ಮೈಕ್ರೋಸಾಫ್ಟ್, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದನ್ನು ಮೇಜಿನ ಕಂಪ್ಯೂಟರಿಗೂ ತಂದಿತು.

ಇನ್ನೊಂದು ದಾರಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾಲಯದ್ದು. ಅಲ್ಲಿ ಸಿದ್ಧವಾಗಿ 1998ರಲ್ಲಿ ಮುಕ್ತವಾಗಿ ಹೊರಬಂದ ವಿಎನ್‌ಸಿ, ಪರದೆಯಲ್ಲಿ ಏನಿದೆ ಎಂದು ಅರ್ಥ ಮಾಡಿಕೊಳ್ಳುವ ಗೊಡವೆಗೇ ಹೋಗುವುದಿಲ್ಲ. ಬಣ್ಣದ ಚುಕ್ಕಿಗಳ ಒಂದು ಆಯತ ಬದಲಾಯಿತೇ? ಆ ಆಯತವನ್ನಷ್ಟೇ ಕಳಿಸು. ಕಿಟಕಿಯೊಂದನ್ನು ಪಕ್ಕಕ್ಕೆ ಎಳೆದರೇ? ಹೊಸ ಚಿತ್ರ ಬೇಡ, ಅಲ್ಲಿದ್ದದ್ದನ್ನು ಇಲ್ಲಿಗೆ ನಕಲು ಮಾಡಿಕೋ ಎಂದರೆ ಸಾಕು. ಈ ಸರಳತೆಯಿಂದಾಗಿಯೇ ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಭೇದವಿಲ್ಲದೆ ಎಲ್ಲೆಡೆ ಓಡಿತು.

ಈ ಎರಡರ ನಡುವೆ ಬಳಕೆದಾರನ ಕಣ್ಣಿಗೆ ಕಾಣುವ ಇನ್ನೊಂದು ಭೇದವಿದೆ, ಅದರ ಬಗ್ಗೆ ಹೆಚ್ಚು ಮಾತಾಡುವವರಿಲ್ಲ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಯಾರಾದರೂ ಕಚೇರಿಯ ಕಂಪ್ಯೂಟರಿಗೆ ಬಂದರೆ ಅಲ್ಲಿನ ಪರದೆ ಬೀಗ ಹಾಕಿಕೊಳ್ಳುತ್ತದೆ; ಎದುರಿಗೆ ಕೂತವರಿಗೆ ಒಳಗೆ ನಡೆಯುವುದು ಕಾಣದು. ವಿಎನ್‌ಸಿ, ಎನಿಡೆಸ್ಕ್‌ಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ. ಮನೆಯಿಂದ ತನ್ನದೇ ಕಂಪ್ಯೂಟರನ್ನು ಬಳಸುವವನಿಗೆ ಮೊದಲನೆಯದು ಸರಿ, ದಾರಿಹೋಕರು ಇಣುಕಬಾರದಲ್ಲ. ಬೇರೆಯವರ ಯಂತ್ರವನ್ನು ರಿಪೇರಿ ಮಾಡುವವನಿಗೆ ಎರಡನೆಯದೇ ಸರಿ. ಆದರೆ ಈಚಿನ ರಿಪೇರಿ ತಂತ್ರಾಂಶಗಳಲ್ಲೂ ಎದುರಿನ ಪರದೆಯನ್ನು ಕಪ್ಪು ಮಾಡುವ ಸೌಲಭ್ಯ ಸೇರಿಕೊಂಡಿದೆ. ಯಂತ್ರದ ಮುಂದೆ ಕೂತವರ ಕಣ್ಣು ಕಟ್ಟುವ ಗುಂಡಿಯನ್ನು ದೂರದವನ ಕೈಗೆ ಕೊಟ್ಟದ್ದು ಈ ಕ್ಷೇತ್ರದ ದೊಡ್ಡ ತಪ್ಪುಗಳಲ್ಲೊಂದು.

ಸಾಮಾನ್ಯರಿಗೆ ಈ ವಿದ್ಯೆ ದಕ್ಕಿದ್ದು ಇನ್ನೊಂದು ತೊಡಕು ಬಗೆಹರಿದ ಮೇಲೆ. ಮನೆ, ಅಂಗಡಿಗಳ ಕಂಪ್ಯೂಟರುಗಳೆಲ್ಲ ರೂಟರಿನ ಹಿಂದೆ ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಂಡಿರುತ್ತವೆ; ಹೊರಗಿನಿಂದ ನೇರವಾಗಿ ಕರೆಯಲು ಬರುವುದಿಲ್ಲ. 2005ರಲ್ಲಿ ಜರ್ಮನಿಯ ಗೋಪಿಂಗನ್ ಪಟ್ಟಣದಲ್ಲಿ ಹುಟ್ಟಿದ ಟೀಮ್‌ವ್ಯೂವರ್, 2014ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ಎನಿಡೆಸ್ಕ್ ಮೊದಲಾದವು ಇದನ್ನು ಜಾಣತನದಿಂದ ಬಿಡಿಸಿದವು. ಎರಡೂ ಕಡೆಯ ಯಂತ್ರಗಳು ಕಂಪನಿಯ ಸರ್ವರಿಗೆ ತಾವೇ ಕರೆ ಮಾಡಿಕೊಂಡು ಕಾಯುತ್ತವೆ. ಐಡಿ ಕೊಟ್ಟೊಡನೆ ಸರ್ವರ್ ಇಬ್ಬರನ್ನೂ ಪರಿಚಯಿಸಿ, ಸಾಧ್ಯವಾದರೆ ನೇರ ಸಂಪರ್ಕ ಮಾಡಿಸುತ್ತದೆ, ಆಗದಿದ್ದರೆ ತಾನೇ ನಡುವೆ ನಿಂತು ದಾಟಿಸುತ್ತದೆ. ಜಾಲ ನಿರ್ವಾಹಕನನ್ನು ಕೇಳಬೇಕಿಲ್ಲ, ರೂಟರ್ ಮುಟ್ಟಬೇಕಿಲ್ಲ. ಇದರ ಬೆಲೆಯೆಂದರೆ ನಡುವಿನವನನ್ನು ನಂಬಲೇಬೇಕು. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ತನ್ನದೇ ಸರ್ವರುಗಳಿಗೆ ಅತಿಕ್ರಮಣಕಾರರು ನುಗ್ಗಿದ್ದರೆಂದು ಪ್ರಕಟಿಸಿ, ಭದ್ರತಾ ಪ್ರಮಾಣಪತ್ರಗಳನ್ನು ರದ್ದುಮಾಡಿ ಗ್ರಾಹಕ ಜಾಲತಾಣದ ಪಾಸ್‌ವರ್ಡ್‌ಗಳನ್ನು ಬದಲಿಸಬೇಕಾಯಿತು.

ಬೆಂಗಳೂರಿನ ಈಗಿನ ರೂಪಕ್ಕೂ ದೂರದ ಕಂಪ್ಯೂಟರಿಗೂ ಇರುವ ನಂಟು ಹಳೆಯದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆದಾಗ ಅದಕ್ಕೆಂದೇ ಉಪಗ್ರಹ ಸಂಪರ್ಕ ಹಾಕಿಕೊಂಡಿತು. ಇಲ್ಲಿನ ಎಂಜಿನಿಯರುಗಳ ಕೆಲಸ ಅದರ ಮೂಲಕ ಅಮೆರಿಕ ಸೇರುತ್ತಿತ್ತು. ಜನರನ್ನು ವಿಮಾನದಲ್ಲಿ ಕಳಿಸುವ ಬದಲು ಕೆಲಸವನ್ನೇ ಸಂಪರ್ಕದ ಮೇಲೆ ಕಳಿಸಬಹುದು ಎಂಬುದು ರುಜುವಾತಾಯಿತು. ಮುಂದಿನ ದಶಕಗಳಲ್ಲಿ ಪರದೇಶದ ಬ್ಯಾಂಕು, ಅಂಗಡಿ, ಆಸ್ಪತ್ರೆಗಳ ಸರ್ವರುಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವ ಕೆಲಸ ಇಲ್ಲಿ ಸಾವಿರಾರು ಜನರ ಬದುಕಾಯಿತು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಆ ಸರ್ವರುಗಳನ್ನು ನೋಡಿಕೊಳ್ಳುವ ಕಚೇರಿಗಳೇ ಬಾಗಿಲು ಹಾಕಬೇಕಾದಾಗ ಕಂಪನಿಗಳು ಸಿಬ್ಬಂದಿಯ ಮನೆಗೆ ಡೆಸ್ಕ್‌ಟಾಪ್ ಸಾಗಿಸಿದವು. ಕಾಲ್ ಸೆಂಟರ್ ಉದ್ಯೋಗಿಗಳು ಮನೆಯಿಂದ ಕೆಲಸ ಮಾಡದಂತೆ ಬಿಗಿಯಾಗಿದ್ದ ದೂರಸಂಪರ್ಕ ಇಲಾಖೆಯ ನಿಯಮಗಳನ್ನು ಸರ್ಕಾರ ಆ ತಿಂಗಳಲ್ಲೇ ತಾತ್ಕಾಲಿಕವಾಗಿ ಸಡಿಲಿಸಿತು, ನವೆಂಬರಿನಲ್ಲಿ ಶಾಶ್ವತವಾಗಿ ಬದಲಿಸಿತು.

ಇಷ್ಟೆಲ್ಲ ಸಾಧಿಸಿದರೂ ಒಂದು ಮಿತಿಯನ್ನು ಯಾರೂ ಮೀರಲಾರರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ಗೆರೆ ಎಳೆದರೂ 13,000 ಕಿಲೋಮೀಟರಿಗಿಂತ ಹೆಚ್ಚು. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕು. ಕೇಬಲ್ಲುಗಳು ಸುತ್ತಿ ಬಳಸಿ ಹೋಗುವುದರಿಂದ ಅದು 200 ದಾಟುವುದು ಸಾಮಾನ್ಯ. ಮೌಸ್ ಅಲ್ಲಾಡಿಸಿದ ಮೇಲೆ ಬಾಣ ಹಿಂದೆ ಉಳಿದಂತೆ ಕಾಣುವುದು ಇದರಿಂದ. 2001ರ ಸೆಪ್ಟೆಂಬರ್ 7ರಂದು ಜಾಕ್ ಮರೆಸ್ಕೊ ತಂಡ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ರೋಗಿಯ ಪಿತ್ತಕೋಶವನ್ನು ರೋಬೋಟ್ ಮೂಲಕ ತೆಗೆದಾಗ ವಿಳಂಬ ಸುಮಾರು 155 ಮಿಲಿಸೆಕೆಂಡ್ ಇತ್ತು. ಅಷ್ಟನ್ನು ಸಾಧಿಸಲು ಆ ಶಸ್ತ್ರಚಿಕಿತ್ಸೆಗೆಂದೇ ಮೀಸಲಾದ ಸಂಪರ್ಕ ಬೇಕಾಯಿತು.

ದೂರ ಇನ್ನೂ ಹೆಚ್ಚಾದರೆ ನಿಯಂತ್ರಣದ ರೀತಿಯೇ ಬದಲಾಗಬೇಕಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರುವಾಗ ಸಂಕೇತ ಒಂದು ದಿಕ್ಕಿಗೆ ತಲುಪಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಪೀಣ್ಯದ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಕೂತವರು ಏನನ್ನಾದರೂ ತಡೆಯೋಣವೆಂದರೂ ಅಷ್ಟರಲ್ಲಿ ಕಾಲ ಮಿಂಚಿರುತ್ತಿತ್ತು. ಹೀಗಾಗಿ ಎಂಜಿನ್ ಉರಿಸುವ ಆಜ್ಞೆಗಳನ್ನೆಲ್ಲ ದಿನಗಳ ಮೊದಲೇ ನೌಕೆಗೆ ಕಳಿಸಿಡಲಾಗಿತ್ತು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಅಂಥ ಮಾತುಕತೆಗೆಂದೇ ಕಟ್ಟಿದ್ದು. ಇನ್ನೂ ಬೆರಗಿನ ಉದಾಹರಣೆ ನಾಸಾದ ವಾಯೇಜರ್-1. 1977ರಲ್ಲಿ ಹೊರಟ ಈ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ದತ್ತಾಂಶ ಕಳಿಸತೊಡಗಿತು. ಸ್ಮೃತಿಯ ಒಂದು ಚಿಪ್ ಕೆಟ್ಟಿತ್ತು. 2,400 ಕೋಟಿ ಕಿಲೋಮೀಟರ್ ಆಚೆಯ ಯಂತ್ರವನ್ನು ಬಿಚ್ಚಿ ನೋಡುವವರಾರು? ಕೆಟ್ಟ ಜಾಗದಲ್ಲಿದ್ದ ಪ್ರೋಗ್ರಾಮನ್ನು ತುಂಡು ಮಾಡಿ ಬೇರೆ ಬೇರೆ ಮೂಲೆಗಳಲ್ಲಿ ಕೂರಿಸುವ ಆಜ್ಞೆಯನ್ನು 2024ರ ಏಪ್ರಿಲ್ 18ರಂದು ಕಳಿಸಿದರು. ಅದು ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 20ರಂದು ನೌಕೆ ಸರಿಯಾಗಿ ಮಾತಾಡಿತು.

ಭೂಮಿಯ ಮೇಲೆ ಅತಿ ಹೆಚ್ಚು ನೋವು ಕೊಟ್ಟಿರುವುದು ಮಾತ್ರ ಅತಿ ಸರಳವಾದ ಬಳಕೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಹೆಸರು ಹೇಳಿ ಎಚ್ಚರಿಕೆ ಕೊಟ್ಟಿತ್ತು: ಫೋನಿಗೆ ಆ್ಯಪ್ ಹಾಕಿಸಿ, ಒಂಬತ್ತು ಅಂಕಿಯ ಸಂಖ್ಯೆ ಪಡೆದು, ಯುಪಿಐ ಮೂಲಕ ಹಣ ದೋಚುತ್ತಿದ್ದಾರೆ ಎಂದು. ತಂತ್ರ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಕೆವೈಸಿ ಅವಧಿ ಮುಗಿದಿದೆ, ಇಂದು ರಾತ್ರಿ ಕರೆಂಟ್ ಕಟ್ ಆಗುತ್ತದೆ, ರೀಫಂಡ್ ಬಂದಿದೆ ಎಂಬ ಕರೆ. 'ಪ್ರಾಬ್ಲಮ್ ನಾನೇ ಸರಿ ಮಾಡಿಕೊಡ್ತೀನಿ' ಎಂಬ ಭರವಸೆ. ಫೋನಿನಲ್ಲಿ ದೂರದವನಿಗೆ ನಿಯಂತ್ರಣವೇ ಬೇಕಿಲ್ಲ, ಪರದೆ ಕಂಡರೆ ಸಾಕು. ಬಂದ ಒಟಿಪಿ ಅವನಿಗೂ ಕಾಣುತ್ತದೆ. ನಿವೃತ್ತರು, ಒಂಟಿಯಾಗಿರುವ ಹಿರಿಯರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಅವರನ್ನು ದಡ್ಡರೆನ್ನುವುದು ಅನ್ಯಾಯ. ನಿಜವಾದ ಬ್ಯಾಂಕು, ನಿಜವಾದ ಕಂಪನಿ, ನಿಜವಾದ ರಿಪೇರಿ ಹುಡುಗ ಎಲ್ಲರೂ ಇದೇ ರೀತಿ ಫೋನಿನಲ್ಲಿ ಅಂಕಿ ಓದಿಸಿ ಅವರಿಗೆ ರೂಢಿ ಮಾಡಿಸಿದ್ದಾರೆ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ವರ್ಗಾವಣೆಯನ್ನು ನಡುದಾರಿಯಲ್ಲಿ ತಡೆಯುವ ಅವಕಾಶವಿದೆ. ಕರ್ನಾಟಕದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳು ಇಂಥ ದೂರುಗಳನ್ನು ತೆಗೆದುಕೊಳ್ಳುತ್ತವೆ. ನಾಚಿಕೆಯಿಂದ ಕಳೆಯುವ ಗಂಟೆಗಳೇ ಕಳ್ಳನಿಗೆ ಲಾಭ.

ಒಬ್ಬರ ಖಾತೆಯಲ್ಲದೆ ಇಡೀ ಊರಿಗೇ ಇದರಿಂದ ಕತ್ತಲಾದದ್ದೂ ಉಂಟು. 2015ರ ಡಿಸೆಂಬರ್ 23ರಂದು ಪಶ್ಚಿಮ ಉಕ್ರೇನಿನ ವಿದ್ಯುತ್ ಕಂಪನಿಯೊಂದರ ನಿಯಂತ್ರಣ ಕೊಠಡಿಯಲ್ಲಿ ಸಿಬ್ಬಂದಿಯ ಕಣ್ಣೆದುರೇ ಮೌಸಿನ ಬಾಣ ತಾನಾಗಿ ಚಲಿಸಿ ಒಂದೊಂದೇ ಉಪಕೇಂದ್ರದ ಬ್ರೇಕರುಗಳನ್ನು ತೆರೆಯತೊಡಗಿತು. ಮೌಸ್ ಹಿಡಿದು ಎಳೆದಾಡಿದರೂ ಫಲವಿಲ್ಲ. ಮೂರು ವಿತರಣಾ ಕಂಪನಿಗಳ ಸುಮಾರು 2,25,000 ಗ್ರಾಹಕರ ಮನೆ ಕತ್ತಲಾಯಿತು. ದಾಳಿಕೋರರು ತಿಂಗಳುಗಳ ಮೊದಲೇ ಇಮೇಲ್ ಬಲೆ ಬೀಸಿ ನೌಕರರ ಪಾಸ್‌ವರ್ಡ್ ಕದ್ದಿದ್ದರು. ಬೆಳಕು ಕೆಲವೇ ಗಂಟೆಗಳಲ್ಲಿ ಮರಳಿದ್ದು ಹೇಗೆ? ನೌಕರರು ವಾಹನ ಹತ್ತಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಹಳೆಯ ಉಪಕರಣಗಳನ್ನು ಕೈಯಿಂದ ನಡೆಸುವ ಅಭ್ಯಾಸ ಅವರಲ್ಲಿ ಉಳಿದಿದ್ದದ್ದು ಊರನ್ನು ಕಾಪಾಡಿತು.

ಒಂದೇ ಕಡೆಯಿಂದ ಸಾವಿರಾರು ಯಂತ್ರಗಳನ್ನು ನೋಡಿಕೊಳ್ಳುವ ಅನುಕೂಲಕ್ಕೂ ಇದೇ ಅಪಾಯವಿದೆ. 2021ರ ಜುಲೈ 2ರಂದು ಕಸೇಯಾ ಎಂಬ ದೂರನಿರ್ವಹಣಾ ತಂತ್ರಾಂಶದ ದೋಷ ಹಿಡಿದು ಸುಲಿಗೆಕೋರರು ಸುಮಾರು 1,500 ಸಂಸ್ಥೆಗಳ ತನಕ ತಲುಪಿದರು. ಸ್ವೀಡನ್ನಿನ ಕೋ-ಆಪ್ ಸರಣಿಯ ಸುಮಾರು 800 ದಿನಸಿ ಅಂಗಡಿಗಳಲ್ಲಿ ಬಹುತೇಕ ಮುಚ್ಚಿದವು, ಬಿಲ್ ಹಾಕುವ ಯಂತ್ರಗಳು ನಡೆಯಲಿಲ್ಲ. ಕೋ-ಆಪ್ ಆ ತಂತ್ರಾಂಶದ ನೇರ ಗ್ರಾಹಕನೂ ಅಲ್ಲ. ಅದರ ಬಿಲ್ಲಿಂಗ್ ವ್ಯವಸ್ಥೆ ನೋಡಿಕೊಳ್ಳುವವರು ಅದನ್ನು ಬಳಸುತ್ತಿದ್ದರು.

ದೂರನಿಯಂತ್ರಣ ಪೂರ್ತಿ ಕೈಬಿಡುವ ಗಳಿಗೆಗಳೂ ಇವೆ. 2021ರ ಅಕ್ಟೋಬರ್ 4ರಂದು ನಿರ್ವಹಣೆಯ ಒಂದು ತಪ್ಪು ಆಜ್ಞೆಯಿಂದ ಫೇಸ್‌ಬುಕ್‌ನ ಇಡೀ ಬೆನ್ನೆಲುಬಿನ ಜಾಲ ಕಡಿದುಹೋಯಿತು. ಸರಿಪಡಿಸಲು ಹೊರಟ ಎಂಜಿನಿಯರುಗಳು ಒಳಗೆ ಹೋಗಬೇಕಾಗಿದ್ದ ದಾರಿಯೂ ಅದೇ ಜಾಲವಾಗಿತ್ತು. ಮನುಷ್ಯರನ್ನೇ ಡೇಟಾ ಸೆಂಟರಿಗೆ ಕಳಿಸಬೇಕಾಯಿತು. ವಾಟ್ಸ್‌ಆ್ಯಪ್ ಸೇರಿ ಎಲ್ಲವೂ ಸುಮಾರು ಆರು ಗಂಟೆ ಸ್ತಬ್ಧ. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿದಾಗ, ಯಂತ್ರ ಶುರುವಾಗದೆ ಯಾವ ರಿಮೋಟ್ ತಂತ್ರಾಂಶವೂ ಉಪಯೋಗಕ್ಕೆ ಬರಲಿಲ್ಲ. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಒಳ್ಳೆಯ ಸರ್ವರುಗಳಲ್ಲಿ ಇದಕ್ಕೆಂದೇ ಮುಖ್ಯ ಕಂಪ್ಯೂಟರಿನಿಂದ ಪ್ರತ್ಯೇಕವಾದ ಪುಟ್ಟ ನಿಯಂತ್ರಕವೊಂದು ಇರುತ್ತದೆ. ದೊಡ್ಡದು ಸತ್ತರೂ ಅದು ಎಚ್ಚರವಿದ್ದು ಪರದೆ ತೋರಿಸುತ್ತದೆ, ಮತ್ತೆ ಚಾಲೂ ಮಾಡುತ್ತದೆ. ಇಂಥದ್ದೇ ಇಂಟೆಲ್ ಸೌಲಭ್ಯವೊಂದರಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಖಾಲಿ ಉತ್ತರ ಕಳಿಸಿದರೂ ಒಳಗೆ ಬಿಡುವ ದೋಷ 2017ರಲ್ಲಿ ಹೊರಬಿತ್ತು. ಕಾರ್ಯಾಚರಣಾ ವ್ಯವಸ್ಥೆಗೂ ಕೆಳಗಿನ ಈ ಬಾಗಿಲಿನಿಂದ ಬಂದವನ ಸುಳಿವು ಯಂತ್ರದ ಮುಂದೆ ಕೂತವನಿಗೆ ಸಿಗುವುದು ಕಷ್ಟ.

ಒಳಗಿರುವವರು ಯಾರು ಎಂಬ ಪ್ರಶ್ನೆ ಈಚೆಗೆ ತಲೆಕೆಳಗಾಗಿಯೂ ಬಂದಿದೆ. ಅಮೆರಿಕದ ಅರಿಜೋನಾದಲ್ಲಿ ಮಹಿಳೆಯೊಬ್ಬರು ಕಂಪನಿಗಳು ಕಳಿಸಿದ ಲ್ಯಾಪ್‌ಟಾಪ್‌ಗಳನ್ನು ಮನೆಯಲ್ಲಿ ಸಾಲಾಗಿ ಇಟ್ಟುಕೊಂಡು ಚಾಲೂ ಮಾಡಿಟ್ಟಿದ್ದರು. ದೂರದಿಂದ ಅವುಗಳಲ್ಲಿ ಕೆಲಸ ಮಾಡುತ್ತಿದ್ದವರು ಅಮೆರಿಕನ್ನರ ಹೆಸರು ಕದ್ದ ಉತ್ತರ ಕೊರಿಯಾದ ತಂತ್ರಜ್ಞರು. ಮುನ್ನೂರಕ್ಕೂ ಹೆಚ್ಚು ಕಂಪನಿಗಳು ಮೋಸಹೋಗಿ 1.7 ಕೋಟಿ ಡಾಲರ್ ಕೈಬದಲಾಗಿತ್ತು. 2025ರ ಜುಲೈಯಲ್ಲಿ ಆಕೆಗೆ ಎಂಟೂವರೆ ವರ್ಷದ ಜೈಲಾಯಿತು.

ಪರಿಹಾರಗಳಲ್ಲಿ ಕೆಲವು ಹಳೆಯವು, ಆದರೂ ಪಾಲನೆಯಾಗುತ್ತಿಲ್ಲ. ರಿಮೋಟ್ ಡೆಸ್ಕ್‌ಟಾಪಿನ 3389ನೆಯ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡಬಾರದು, ವಿಪಿಎನ್ ಹಿಂದೆ ಇಡಬೇಕು. ಎರಡು ಹಂತದ ದೃಢೀಕರಣ ಬೇಕು: 2021ರಲ್ಲಿ ಅಮೆರಿಕದ ಕೊಲೊನಿಯಲ್ ಇಂಧನ ಕೊಳವೆ ಮಾರ್ಗ ನಿಂತುಹೋದದ್ದು ಅದಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯಿಂದ. ರಿಪೇರಿ ಮುಗಿದ ಮೇಲೆ, ಮಾಲೀಕರಿಲ್ಲದಾಗಲೂ ಒಳಬರಲು ಹಾಕಿಟ್ಟ ಕಾಯಂ ಪಾಸ್‌ವರ್ಡ್ ಉಳಿದಿದೆಯೇ ಎಂದು ನೋಡಿ ತೆಗೆಸಬೇಕು. ಹೊಸ ಹೆಜ್ಜೆಗಳಲ್ಲಿ ಮೆಚ್ಚಬೇಕಾದದ್ದು ಆಂಡ್ರಾಯ್ಡ್ 15ರದ್ದು. ಪರದೆ ಹಂಚಿಕೊಂಡಿರುವಾಗ ಒಟಿಪಿ ಇರುವ ಸೂಚನೆಗಳನ್ನು ಅದು ಆಚೆಯವರಿಗೆ ಕಾಣದಂತೆ ಮರೆಮಾಡುತ್ತದೆ. ಜಾಗ್ರತೆಯ ಭಾರವನ್ನೆಲ್ಲ ಬಳಕೆದಾರನ ತಲೆಗೆ ಕಟ್ಟದೆ ಯಂತ್ರವೇ ಹೊತ್ತ ಅಪರೂಪದ ಉದಾಹರಣೆಯಿದು.

ಕಾನೂನಿನಲ್ಲಿ ಆಧಾರವಿದೆ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿನೊಳಗೆ ಹೋಗುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಂ ತಡೆಯುತ್ತದೆ; ದುರುದ್ದೇಶವಿದ್ದರೆ 66ನೆಯ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸೋಗು ಹಾಕಿ 'ಅಕ್ಸೆಪ್ಟ್' ಒತ್ತಿಸಿಕೊಂಡವರಿಗೆ 66ಡಿ ಇದೆ. ಇಕ್ಕಟ್ಟು ಇರುವುದು ಮಾಲೀಕನೇ ಇಣುಕುವಾಗ. 2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆ, ಕಳವಾದ ಲ್ಯಾಪ್‌ಟಾಪ್ ಹುಡುಕಲೆಂದು ಹಾಕಿದ್ದ ತಂತ್ರಾಂಶದಿಂದ ಮಕ್ಕಳ ಮನೆಯೊಳಗಿನವೂ ಸೇರಿ ಹತ್ತಾರು ಸಾವಿರ ಚಿತ್ರಗಳನ್ನು ತೆಗೆದದ್ದು ಬಯಲಾಗಿ, 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಲ್ಯಾಪ್‌ಟಾಪ್ ಶಾಲೆಯದೇ, ಮನೆ ಮಾತ್ರ ಮಗುವಿನದು. ಮನೆಯಿಂದ ಕೆಲಸ ಮಾಡುವ ನಮ್ಮ ಸಾವಿರಾರು ಉದ್ಯೋಗಿಗಳ ಸ್ಥಿತಿಯೂ ಇದೇ. ಭಾರತದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕೆ ನೌಕರರ ಮಾಹಿತಿ ಬಳಸಲು ಪ್ರತ್ಯೇಕ ಒಪ್ಪಿಗೆ ಬೇಕಿಲ್ಲದಂತೆ ಅವಕಾಶ ಕೊಟ್ಟಿದೆ. ಒಪ್ಪಿಗೆ ಬೇಕಿಲ್ಲದಿದ್ದರೂ, ಕಂಪನಿಯ ಐಟಿ ವಿಭಾಗ ಯಾವಾಗ ಪರದೆ ನೋಡಿತು, ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು ಎಂಬುದು ಆ ಕ್ಷಣದಲ್ಲೇ ನೌಕರರಿಗೆ ಕಾಣಬೇಕು, ಆಮೇಲೆ ಕೇಳಿದಾಗ ದಾಖಲೆಯೂ ಸಿಗಬೇಕು. ತಂತ್ರಜ್ಞಾನದ ಮಟ್ಟಿಗೆ ಇದು ಪರದೆಯ ಮೂಲೆಯಲ್ಲೊಂದು ಗುರುತು, ಹಿಂದೆ ಒಂದು ಲಾಗ್ ಕಡತ, ಅಷ್ಟೆ. ನಿಯಮ ಮಾಡುವವರು ಅದನ್ನು ಕಡ್ಡಾಯ ಮಾಡಬೇಕು. ನೌಕರರ ಸಂಘಟನೆಗಳು ನೇಮಕಾತಿ ಪತ್ರದಲ್ಲೇ ಅದನ್ನು ಬರೆಸಿಕೊಳ್ಳಲು ಇಂದಿನಿಂದಲೇ ಒತ್ತಾಯಿಸಬಹುದು.